ಬ್ಯಾಡಗಿ ಡಬ್ಬಿ ಇರುವಾಗ ಪ್ಯಾಪ್ರಿಕಾ ಡಬ್ಬಿ ಏಕೆ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಗಳಲ್ಲಿ ಹೊರದೇಶದ ಚಿಕನ್ ಅಡುಗೆಗಳು ಬರುತ್ತಿರುವುದು ಒಳ್ಳೆಯದೇ. ಆದರೆ ‘ಪ್ಯಾಪ್ರಿಕಾ (ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿ) ಮೂರು ಚಮಚ’ ಎಂದಷ್ಟೇ ಅಚ್ಚು ಹಾಕಿದರೆ, ಓದಿದವರು ಹುಬ್ಬಳ್ಳಿಯ ಅಂಗಡಿಗಳಲ್ಲಿ ಅದರ ಪುಟ್ಟ ಬಾಟಲಿ ಹುಡುಕುತ್ತಾರೆ. ಇಲ್ಲವೇ ಮನೆಯ ಖಾರದ ಪುಡಿಯನ್ನೇ ಅಷ್ಟು ಸುರಿದು ಬಾಯಿ ಸುಟ್ಟುಕೊಳ್ಳುತ್ತಾರೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದೇ ಹೆಚ್ಚು ಬಣ್ಣ, ಕಡಿಮೆ ಖಾರಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಹಂಗೇರಿಯವರ ‘ಚಿಕನ್ ಪ್ಯಾಪ್ರಿಕಾಷ್’ ಮಾಡಲು ಇದು ಸಾಕು.

ಬ್ಯಾಡಗಿಯಲ್ಲೇ ‘ಡಬ್ಬಿ’ ಎಂಬ ತಳಿಯ ಮೆಣಸಿನಕಾಯಿ ತಂದು ಬೀಜ ಕೊಡವಿ, ಬಿಸಿಲಲ್ಲಿ ಗರಿಗರಿ ಒಣಗಿಸಿ, ಹುರಿಯದೆ ಗಿರಣಿಯಲ್ಲಿ ಬೀಸಿಸಬೇಕು. ಸಿದ್ಧ ಪುಡಿಯಲ್ಲಿ ಖಾರದ ಗುಂಟೂರು ಮೆಣಸಿನಕಾಯಿ ಬೆರೆತಿದ್ದರೆ ಕಣ್ಣಿಗೆ ಗೊತ್ತಾಗದು, ನಾಲಿಗೆಗೆ ಗೊತ್ತಾಗುತ್ತದೆ. ಒಂದು ಕಿಲೋ ಎಲುಬಿರುವ ತೊಡೆ-ಕಾಲಿನ ತುಂಡುಗಳಿಗೆ ಮೂರು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ನಾಲ್ಕು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕರಗುವಷ್ಟು ಬಾಡಿಸಿ. ಕೆಂಪಾಗುವುದು ಬೇಡ. ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪುಡಿಯಲ್ಲಿ ಸಕ್ಕರೆಯ ಅಂಶ ಇರುವುದರಿಂದ ಕಾದ ಎಣ್ಣೆಗೆ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಸೀದು ಕಹಿಯಾಗುತ್ತದೆ, ಬಣ್ಣವೂ ಕಂದುತ್ತದೆ. ಆ ಕಹಿಗೆ ಆಮೇಲೆ ಮದ್ದಿಲ್ಲ. ಆದ್ದರಿಂದ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ ಒಂದೂವರೆ ದೊಡ್ಡ ಚಮಚ ಪುಡಿ ಹಾಕಿ, ಎರಡು ಸುತ್ತು ಕಲಸಿ, ತಕ್ಷಣ ಒಂದು ಲೋಟ ನೀರು ಸುರಿಯಿರಿ. ಹಂಗೇರಿಯಲ್ಲಿ ಇನ್ನೂ ಹೆಚ್ಚು ಹಾಕುತ್ತಾರೆ, ಅಲ್ಲಿನದು ಸಿಹಿ ಪುಡಿ. ಬ್ಯಾಡಗಿಯಲ್ಲಿ ಅಷ್ಟಿಷ್ಟು ಖಾರ ಇದ್ದೇ ಇರುತ್ತದೆ. ಬಳಿಕ ಚಿಕನ್, ಉಪ್ಪು, ಒಂದು ಟೊಮೆಟೊ, ಒಂದು ದೊಣ್ಣೆ ಮೆಣಸಿನಕಾಯಿ ಸೇರಿಸಿ ಮುಚ್ಚಿ, ಸಣ್ಣ ಉರಿಯಲ್ಲಿ 35–40 ನಿಮಿಷ ಬೇಯಿಸಿ.

ಅಲ್ಲಿನವರು ಕೊನೆಗೆ ಹುಳಿ ಕೆನೆ ಹಾಕುತ್ತಾರೆ. ನಮಗೆ ಗಟ್ಟಿ ಮೊಸರು ಆದೀತು. ಒಂದು ಲೋಟ ಮೊಸರನ್ನು ಬಟ್ಟೆಯಲ್ಲಿ ಒಂದು ತಾಸು ಕಟ್ಟಿ ನೀರಿಳಿಸಿ, ಎರಡು ಸಣ್ಣ ಚಮಚ ಮೈದಾ ಕಲಸಿ. ಮೈದಾ ಇಲ್ಲದಿದ್ದರೆ ಮೊಸರು ಒಡೆಯುತ್ತದೆ. ಫ್ರಿಜ್ಜಿನಿಂದ ತೆಗೆದು ನೇರ ಸುರಿದರೂ ಒಡೆಯುತ್ತದೆ. ಹಾಗಾಗಿ ಮೊದಲು ನಾಲ್ಕು ಚಮಚ ಬಿಸಿ ರಸವನ್ನು ಮೊಸರಿಗೇ ಬೆರೆಸಿ, ಆಮೇಲೆ ಪಾತ್ರೆಗೆ ಹಾಕಿ, ಕುದಿ ಏಳದಂತೆ ಐದು ನಿಮಿಷ ಇಡಿ. ಇದಕ್ಕೆ ಜೋಳದ ರೊಟ್ಟಿ ಚೆನ್ನಾಗಿ ಹೊಂದುತ್ತದೆ. ಹಂಗೇರಿಯವರು ಒಪ್ಪದಿದ್ದರೂ ಚಿಂತೆಯಿಲ್ಲ.

ಉಳ್ಳಾಗಡ್ಡಿ ಅಗ್ಗವಾದ ದಿನಗಳಿಗೆ ಸೆನೆಗಲ್ ದೇಶದ ‘ಯಾಸ್ಸಾ’ ಇದೆ. ಕಿಲೋ ಚಿಕನ್‌ಗೆ ಮುಕ್ಕಾಲು ಕಿಲೋ ಉಳ್ಳಾಗಡ್ಡಿ, ಐದು ಲಿಂಬೆಹಣ್ಣಿನ ರಸ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದು ಚಮಚ ಹಳದಿ ಸಾಸಿವೆ ಅರೆದದ್ದು. ಕರಿ ಸಾಸಿವೆ ಅರೆದರೆ ಕಹಿ ಹೆಚ್ಚು. ಫ್ರಿಜ್ಜಿನಲ್ಲಿ ಎರಡು ತಾಸು ನೆನೆದರೆ ಸಾಕು. ರಾತ್ರಿಯಿಡೀ ಇಟ್ಟರೆ ಲಿಂಬೆಯ ಹುಳಿಗೆ ಮಾಂಸದ ಮೇಲ್ಪದರ ಬೆಳ್ಳಗಾಗಿ ಹಿಟ್ಟುಹಿಟ್ಟಾಗುತ್ತದೆ. ತುಂಡುಗಳನ್ನು ಒರೆಸಿ ಕೆಂಡದ ಮೇಲೋ ಹಂಚಿನಲ್ಲೋ ಕೆಂಪಗೆ ಸುಡಬೇಕು. ಒದ್ದೆ ಇದ್ದರೆ ಸುಡುವ ಬದಲು ಬೇಯುತ್ತವೆ. ಉಳ್ಳಾಗಡ್ಡಿ ಹಿಂಡಿ ತೆಗೆದು 25 ನಿಮಿಷ ಬಾಡಿಸಿ, ನೆನೆಹಾಕಿದ ರಸವನ್ನು ಅದಕ್ಕೇ ಸುರಿದು ಚೆನ್ನಾಗಿ ಕುದಿಸಿ. ಹಸಿ ಮಾಂಸ ಮುಳುಗಿದ್ದ ರಸ ಅದು, ಕುದಿಸದೆ ಬಳಸಬಾರದು. ಆಮೇಲೆ ಚಿಕನ್ ಸೇರಿಸಿ ಇಪ್ಪತ್ತು ನಿಮಿಷ. ಅನ್ನದ ಜೊತೆ ತಿನ್ನುವ ಅಡುಗೆ ಇದು.

ಫಿಲಿಪ್ಪೀನ್ಸಿನ ‘ಅಡೋಬೊ’ ಇನ್ನೂ ಸುಲಭ: ಅರ್ಧ ಲೋಟ ವಿನೆಗರ್, ಅದಕ್ಕಿಂತ ತುಸು ಕಡಿಮೆ ಸೋಯಾ ಸಾಸ್, ಒಂದು ಗಡ್ಡೆ ಬೆಳ್ಳುಳ್ಳಿ, ಕಾಳುಮೆಣಸು, ಎರಡು ಪಲಾವ್ ಎಲೆ, ಒಂದು ಲೋಟ ನೀರು ಹಾಕಿ ಚಿಕನ್ ಬೇಯಿಸುವುದು. ಸೋಯಾ ಸಾಸಿನಲ್ಲೇ ಉಪ್ಪಿರುವುದರಿಂದ ಕೊನೆಗೆ ರುಚಿ ನೋಡಿಯೇ ಉಪ್ಪು ಹಾಕಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ವಾಸನೆ ಬರುತ್ತದೆ.

ಮೇಲಿನ ಲೆಕ್ಕವೆಲ್ಲ ಬ್ರಾಯ್ಲರ್ ಕೋಳಿಗೆ. ಜವಾರಿ ಕೋಳಿಯಾದರೆ ಕನಿಷ್ಠ ಅರ್ಧ ತಾಸು ಹೆಚ್ಚು ಬೇಕು, ನೀರೂ ಒಂದು ಲೋಟ ಹೆಚ್ಚು. ಮೊಸರನ್ನು ಮಾಂಸ ಮೆತ್ತಗಾದ ಮೇಲೆಯೇ ಹಾಕಬೇಕು. ಯಾವ ಕೋಳಿಗೆ ಎಷ್ಟು ಹೊತ್ತು, ಯಾವ ಮೆಣಸಿನಕಾಯಿ ಎಂಬ ಎರಡು ಸಾಲನ್ನು ಪ್ರತಿ ಅಡುಗೆಯ ಕೆಳಗೂ ಅಚ್ಚು ಹಾಕಬೇಕೆಂದು ಕೋರುತ್ತೇವೆ.

– ಓದುಗರು, ಹಾವೇರಿ