ಬಾರ್‌ಕೋಡ್ ಮೆಸೇಜು ಸಾಕು, ಲೇಬಲ್ ಓದಿ

ಎಲ್ಲರಿಗೂ ನಮಸ್ಕಾರ. ಬಾರ್‌ಕೋಡ್ 890ರಿಂದ ಶುರುವಾದರೆ ಮಾಲು ನಮ್ಮ ದೇಶದ್ದು ಅನ್ನುವ ಮೆಸೇಜು ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ದಯವಿಟ್ಟು ನಿಲ್ಲಿಸಿ. ಕಂಪನಿ ಬಾರ್‌ಕೋಡ್ ಪಡೆದದ್ದು ಭಾರತದಲ್ಲಿ ಅಂತ ಮಾತ್ರ ಅದರ ಅರ್ಥ. ಒಳಗಿನ ಖರ್ಜೂರ ಇರಾನಿನದ್ದೋ ಇರಾಕಿನದ್ದೋ ಅದರಿಂದ ಗೊತ್ತಾಗುವುದಿಲ್ಲ.

ಲೇಬಲ್ ನೋಡಿ. ಪ್ಯಾಕೆಟ್ಟಿನಲ್ಲಿ ಬರುವ ಆಮದು ತಿನಿಸಿನ ಮೇಲೆ ಯಾವ ದೇಶದ್ದು ಅಂತ ಬರೆಯಲೇಬೇಕು, ಜೊತೆಗೆ ಆಮದು ಮಾಡಿದವರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಲೈಸೆನ್ಸ್ ನಂಬರು ಇರಬೇಕು. ಆಮದುದಾರರ ವಿವರ ಸ್ಟಿಕ್ಕರಿನಲ್ಲಿ ಅಂಟಿಸಲು ಅವಕಾಶ ಇದೆ, ಹಾಗಾಗಿ ಸ್ಟಿಕ್ಕರ್ ಕಂಡ ಕೂಡಲೇ ಕಳ್ಳಮಾಲು ಅಂತ ಸುಮ್ನೆ ಗಲಾಟೆ ಬೇಡ. ಆದರೆ ತಾರೀಕಿನ ಮೇಲೇ ಸ್ಟಿಕ್ಕರ್ ಕೂತಿದ್ದರೆ ತಗೊಳ್ಳಬೇಡಿ.

ಇನ್ನೊಂದು. ಒಂದು ದೇಶದ ಪದಾರ್ಥ ಬೇರೆ ದೇಶದಲ್ಲಿ ಸಂಸ್ಕರಣೆಯಾಗಿ ಅದರ ಗುಣವೇ ಬದಲಾದರೆ ಲೇಬಲ್ ಮೇಲೆ ಎರಡನೇ ದೇಶದ ಹೆಸರೇ ಬರುತ್ತದೆ. ಮುಂಬೈಯಲ್ಲಿ ಪ್ಯಾಕ್ ಮಾಡಿದ್ದು ಅಂತ ಇದ್ದರೆ ಬೆಳೆದದ್ದೂ ಇಲ್ಲೇ ಅಂತ ಅಲ್ಲ.

ಕಾಳುಮೆಣಸಿನ ವಿಷಯಕ್ಕೆ ಶಿರಸಿ ಕಡೆಯವರು ಜಾಸ್ತಿ ಬಿಸಿಯಾಗಿದ್ದೀರಿ. ವಿಯೆಟ್ನಾಂ ಮೆಣಸು ಬಂದರೆ ನಮ್ಮ ಧಾರಣೆಗೆ ಹೊಡೆತ, ಅದಕ್ಕೇ ಅಲ್ವಾ 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ್ದು ತರಿಸುವಂತಿಲ್ಲ ಅಂತ) ಇಟ್ಟದ್ದು? ಆದರೆ ಅದು ಬೆಲೆಯ ಜಗಳ. ಹೊರಗಿನದ್ದು ಅಂದ ಮಾತ್ರಕ್ಕೆ ವಿಷ ಅಂತ ಬರೆಯಬೇಡಿ.

ಲೇಬಲ್ಲಿನಲ್ಲಿ ದೇಶದ ಹೆಸರೇ ಇಲ್ಲದಿದ್ದರೆ ಬಿಲ್ಲು, ಫೋಟೋ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಂಗಡಿಯ ಹೆಸರು ಇಲ್ಲಿ ಹಾಕುವುದು ಬೇಡ.