ಜರ್ಮನಿ ಕುಗ್ಗಿದರೆ ಕೊಡಗಿಗೇನು?

ಮಾನ್ಯರೇ,

2023, 2024ರಲ್ಲಿ ಸತತವಾಗಿ ಜರ್ಮನಿಯ ಆರ್ಥಿಕತೆ ಕುಗ್ಗಿದ್ದು ಒಳಪುಟದ ಸುದ್ದಿಯಾಯಿತು. ಗೋಣಿಕೊಪ್ಪದಲ್ಲಿ ರೋಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಚೀಲಕ್ಕೆ ದರ ಕೇಳುವ ನಮಗೆ ಅದು ಮುಖಪುಟದ್ದೇ. ನಮ್ಮ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು.

ರಷ್ಯಾದ ಅಗ್ಗದ ಅನಿಲ 2022ರಲ್ಲಿ ಕೈತಪ್ಪಿ ಅಲ್ಲಿನ ಕಾರ್ಖಾನೆಗಳು ಏದುಸಿರು ಬಿಟ್ಟವು. ಆದರೂ 2009ರಲ್ಲಿ ಸಂವಿಧಾನಕ್ಕೇ ಸೇರಿಸಿಕೊಂಡಿದ್ದ ಸರ್ಕಾರಿ ಸಾಲದ ಮಿತಿ ಸಡಿಲಿಸಲು 2025ರ ಮಾರ್ಚ್‌ವರೆಗೆ ಕಾದರು. ಸಾಲವೆಂದರೆ ಅಷ್ಟು ದಿಗಿಲು! ಕೊನೆಗೆ ಸೇತುವೆ, ರೈಲು ಮುಂತಾದವಕ್ಕೆ 50,000 ಕೋಟಿ ಯೂರೊ ನಿಧಿ. ಇಟಲಿಗೆ ಆ ಅವಕಾಶವೂ ಇಲ್ಲ, ಅದರ ಸಾಲ ಜಿಡಿಪಿಯನ್ನೇ ಮೀರಿದೆ.

ಇದರ ನಡುವೆ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ, ಕಾಡು ಕಡಿದು ಬೆಳೆದದ್ದಲ್ಲ ಎಂದು ತೋರಿಸಲು ತೋಟದ ಜಿಪಿಎಸ್ ಗುರುತು ಕೇಳುತ್ತದೆ. ಹಲಸು, ಅತ್ತಿಯ ನೆರಳಲ್ಲೇ ಕಾಫಿ ಬೆಳೆಯುವವರನ್ನು! ಯುರೋಪಿನ ಬೇಡಿಕೆ ಎತ್ತ ಸಾಗಿದೆಯೆಂದು ಕಾಫಿ ಮಂಡಳಿ ಕೊಯ್ಲಿಗೆ ಮೊದಲೇ ಕನ್ನಡದಲ್ಲಿ ತಿಳಿಸಲಿ.

– ಸಣ್ಣ ಬೆಳೆಗಾರ, ಪೊನ್ನಂಪೇಟೆ