ನಾಟಕದ ಕರಪತ್ರದಲ್ಲಿ ಸದ್ದು, ಬೆಳಕಿನ ಮಾಹಿತಿಯೂ ಇರಲಿ

ಮಾನ್ಯ ಸಂಪಾದಕರೇ,

ರಂಗಮಂದಿರಗಳಲ್ಲಿ ವಿಕಲಚೇತನರಿಗೆ ಅನುಕೂಲ ಕಲ್ಪಿಸುವ ಮಾತು ಬಂದಾಗಲೆಲ್ಲ ಚರ್ಚೆ ಬಾಗಿಲ ಬಳಿಯ ರ‍್ಯಾಂಪಿಗೆ ಬಂದು ನಿಂತುಬಿಡುತ್ತದೆ. ರ‍್ಯಾಂಪ್ ಬೇಕೇ ಬೇಕು. ಅದೂ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ, ಗಾಲಿಕುರ್ಚಿಯವರು ತಾವೇ ಹತ್ತಿ ಇಳಿಯುವಂತಿರಬೇಕು. ಆದರೆ ಒಳಗೆ ಬಂದು ಕುಳಿತ ಮೇಲೂ ಸದ್ದು, ಬೆಳಕು, ಕತ್ತಲೆಗಳನ್ನು ತಾಳಲಾರದೆ ಅರ್ಧಕ್ಕೇ ಎದ್ದು ಹೋಗಬೇಕಾದವರ ಕಷ್ಟವನ್ನು ನಮ್ಮ ಊರಿನಲ್ಲಿ ಯಾರೂ ಪ್ರಸ್ತಾಪಿಸಿದ್ದನ್ನು ನಾನು ಕೇಳಿಲ್ಲ. ಆಟಿಸಂ ಇರುವ ಮಕ್ಕಳು, ಫಿಟ್ಸ್ ಬರುವವರು, ಶ್ರವಣ ಸಾಧನ ಹಾಕಿಕೊಂಡ ಹಿರಿಯರು ಎಲ್ಲರೂ ಈ ಸಾಲಿಗೆ ಸೇರುತ್ತಾರೆ.

ನನ್ನ ತಂಗಿಯ ಮಗನಿಗೆ ಆಟಿಸಂ ಇದೆ. ಹಾರ್ಮೋನಿಯಂ ಎಂದರೆ ಅವನಿಗೆ ಪ್ರಾಣ. ನಾಂದಿ ಪದ ಮುಗಿಯುವವರೆಗೂ ಅಲುಗಾಡದೆ ಕೂಡುತ್ತಾನೆ. ಕಳೆದ ವರ್ಷ ನಗರದ ಒಂದು ಸಭಾಂಗಣದಲ್ಲಿ ನಡೆದ ನಾಟಕದ ಯುದ್ಧದ ದೃಶ್ಯದಲ್ಲಿ ಇದ್ದಕ್ಕಿದ್ದಂತೆ ದೀಪಗಳೆಲ್ಲ ಆರಿ, ಕಣ್ಣು ಕುಕ್ಕುವ ಸ್ಟ್ರೋಬ್ ಲೈಟು ಮಿಟುಕತೊಡಗಿತು. ಅದೇ ಹೊತ್ತಿಗೆ ಸೌಂಡ್ ಬಾಕ್ಸಿನಿಂದ ಸಿಡಿಮದ್ದಿನ ಸದ್ದು ಹೊಮ್ಮಿತು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯ ಕೆಳಗೆ ಸರಿದು ಚೀರಿದ. ಅವನನ್ನು ಎತ್ತಿಕೊಂಡು ಹೊರಗೆ ಹೋಗೋಣವೆಂದರೆ ನಮ್ಮ ಜಾಗ ಸಾಲಿನ ನಟ್ಟನಡುವೆ, ಪಕ್ಕದ ಬಾಗಿಲಿಗೆ ಚಿಲಕ, ಅದಕ್ಕೆ ಅಡ್ಡಲಾಗಿ ಒಟ್ಟಿದ ಪ್ಲಾಸ್ಟಿಕ್ ಕುರ್ಚಿಗಳು. ಟಾರ್ಚ್ ಹಿಡಿದು ಬಂದ ಸ್ವಯಂಸೇವಕರು ಅದರ ಬೆಳಕನ್ನು ಮಗುವಿನ ಮುಖಕ್ಕೇ ಬಿಟ್ಟು, "ಇಂಥಾ ಹುಡುಗ್ರನ್ನ ಯಾಕಮ್ಮಾ ಕರ್ಕಂಡು ಬರ್ತೀರಿ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಅಂಕದಲ್ಲಿ ಸಿಡಿಮದ್ದಿನ ಸದ್ದೂ ಮಿಟುಕುವ ಬೆಳಕೂ ಇವೆ ಎಂಬ ಒಂದು ಸಾಲು ಕರಪತ್ರದಲ್ಲಿ ಇದ್ದಿದ್ದರೆ ನನ್ನ ತಂಗಿ ಓಡಾಡುವ ದಾರಿಯ ಪಕ್ಕದ ಕುರ್ಚಿ ಹಿಡಿದು, ಆ ದೃಶ್ಯಕ್ಕೆ ಮೊದಲೇ ಮಗನನ್ನು ಹೊರಗೆ ಕರೆದೊಯ್ದು, ಮುಗಿದ ಮೇಲೆ ಮತ್ತೆ ಕರೆತರುತ್ತಿದ್ದಳು.

ನಾಟಕ ನೋಡುವವರು ಉಸಿರು ಬಿಗಿಹಿಡಿದು ಕೂಡಬೇಕೆಂಬ ಕಟ್ಟುಪಾಡು ನಮ್ಮ ಸೀಮೆಯ ಹಳೆಯ ರೂಢಿಯೇನೂ ಅಲ್ಲ. ಬಯಲಾಟದಲ್ಲಿ ಚಾಪೆ, ಕಂಬಳಿ ಹಾಸಿಕೊಂಡು ಕುಳಿತವರು ಬೇಕೆಂದಾಗ ಎದ್ದು ಚಹಾ ಕುಡಿದು ಬರುತ್ತಾರೆ, ಮಕ್ಕಳು ಮಲಗಿ ಏಳುತ್ತವೆ, ಅಳುವ ಕೂಸನ್ನು ತಾಯಿ ಆಚೆ ಒಯ್ದು ಸಮಾಧಾನ ಮಾಡಿ ತರುತ್ತಾಳೆ, ಭಾಗವತರು ಹಾಡುತ್ತಲೇ ಇರುತ್ತಾರೆ. ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಆಟಿಸಂ ಇರುವವರಿಗೂ ಅವರ ಮನೆಯವರಿಗೂ ಹೊಂದುವಂಥ ವಿಶೇಷ ಪ್ರದರ್ಶನ ಶುರುವಾದದ್ದು 2011ರಲ್ಲಿ. ಅಂಥ ಪ್ರದರ್ಶನಗಳಲ್ಲಿ ಸದ್ದು ತಗ್ಗಿಸುತ್ತಾರೆ, ಕಣ್ಣು ಕುಕ್ಕುವ ಬೆಳಕನ್ನು ಕೈಬಿಡುತ್ತಾರೆ, ಪ್ರೇಕ್ಷಕರ ಕಡೆ ಮಂದ ದೀಪ ಉಳಿಸುತ್ತಾರೆ, ಎದ್ದು ಹೋಗಿ ಬರಲು ಅಡ್ಡಿ ಮಾಡುವುದಿಲ್ಲ, ಮತ್ತು ದಣಿದವರು ಕೂಡಲು ಸದ್ದಿಲ್ಲದ ಒಂದು ಕೋಣೆ ಇಡುತ್ತಾರೆ. ಇದರಲ್ಲಿ ಬಹುಪಾಲು ನಮ್ಮ ಬಯಲಾಟದ ಪ್ರೇಕ್ಷಕರಿಗೆ ಹೊಸದೇನಲ್ಲ.

ಸ್ಟ್ರೋಬ್ ಬೆಳಕಿನ ವಿಷಯವನ್ನು ಮಾತ್ರ ಇಷ್ಟಾನಿಷ್ಟದ ಮಾತೆಂದು ಬಿಡಲಾಗದು. ಮೂರ್ಛೆರೋಗ ಇರುವವರಲ್ಲಿ ಕೆಲವರಿಗೆ ಸೆಕೆಂಡಿಗೆ 3ರಿಂದ 30 ಬಾರಿ ಮಿಟುಕುವ ಬೆಳಕು ಫಿಟ್ಸ್ ತರಿಸಬಲ್ಲದು. ಬ್ರಿಟನ್ನಿನಲ್ಲಿ ಇದನ್ನು ಸೆಕೆಂಡಿಗೆ 4ಕ್ಕೆ ಮಿತಿಗೊಳಿಸುವಂತೆ ಸಲಹೆ ಇದೆ. ಸದ್ದಿಗೆ ಸಂಬಂಧಿಸಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮನರಂಜನಾ ಸ್ಥಳಗಳಿಗೆ 15 ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರದಂತೆ ಮಿತಿ ಸೂಚಿಸಿದೆ. ಅದು ಕಿವಿ ಕೆಡದಂತೆ ಕಾಯುವ ಮೇಲ್ಮಿತಿ. ಆಟಿಸಂ ಇರುವ ಮಗುವಿಗೆ ಅದರ ಎಷ್ಟೋ ಕೆಳಗಿನ ಸದ್ದೂ ಹಿಂಸೆಯಾಗಬಹುದು.

ಕಿವಿ ಮಂದವಾದವರ ತೊಂದರೆ ಬೇರೆ ತೆರನಾದದ್ದು. ಅವರಿಗೆ ಪಾತ್ರಧಾರಿಯ ಮುಖ, ತುಟಿ ಕಾಣಬೇಕು. ಮುಂದಿನ ಸಾಲಿನ ಸೋಫಾಗಳು ಗಣ್ಯರಿಗೆ ಮೀಸಲಾಗಿದ್ದು, ಉದ್ಘಾಟನೆಯ ಭಾಷಣ ಮುಗಿಸಿ ಅವರು ಹೊರಟ ಮೇಲೂ ಎಷ್ಟೋ ಸಲ ಖಾಲಿಯಾಗಿಯೇ ಉಳಿಯುತ್ತವೆ. ಆ ಸಾಲಿನಲ್ಲಿ, ಸೌಂಡ್ ಬಾಕ್ಸಿನಿಂದ ದೂರವಿರುವ ನಾಲ್ಕು ಕುರ್ಚಿಗಳನ್ನು ಇವರಿಗೆ ಬಿಟ್ಟುಕೊಟ್ಟರೆ ಯಾರ ಗೌರವಕ್ಕೂ ಕುಂದು ಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಅದರ 29ನೆಯ ಕಲಮು ಕಲೆಯನ್ನು ಇವರೆಲ್ಲರಿಗೂ ನಿಲುಕುವಂತೆ ಮಾಡುವ ಹೊಣೆಯನ್ನು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ವಹಿಸಿದೆ. ಕಟ್ಟಡಗಳ ದುರಸ್ತಿಗೆ ಹಣ, ಟೆಂಡರು, ವರ್ಷಗಳು ಬೇಕಾಗಬಹುದು. ಕರಪತ್ರದಲ್ಲಿ ಎರಡು ಸಾಲು ಅಚ್ಚು ಹಾಕಿಸಲು, ಪಕ್ಕದ ಬಾಗಿಲ ಚಿಲಕ ತೆಗೆದಿಡಲು ಇವು ಯಾವುವೂ ಬೇಡ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ಜಿಲ್ಲಾಡಳಿತಕ್ಕೂ ನನ್ನ ವಿನಂತಿ ಇಷ್ಟು. ಸರ್ಕಾರಿ ರಂಗಮಂದಿರಗಳನ್ನು ಬಾಡಿಗೆಗೆ ಕೊಡುವಾಗ, ನಾಟಕದ ಅವಧಿ, ಮಧ್ಯಂತರ, ಭಾರಿ ಸದ್ದು ಮತ್ತು ಮಿಟುಕುವ ಬೆಳಕಿನ ದೃಶ್ಯಗಳ ಮಾಹಿತಿಯನ್ನು ಪ್ರಚಾರದಲ್ಲಿ ಕೊಡಬೇಕೆಂಬ ಷರತ್ತನ್ನು ಒಪ್ಪಂದ ಪತ್ರಕ್ಕೆ ಸೇರಿಸಲಿ. ಬಳ್ಳಾರಿ ರಾಘವ, ಜೋಳದರಾಶಿ ದೊಡ್ಡನಗೌಡ, ಸುಭದ್ರಮ್ಮ ಮನ್ಸೂರರಂಥವರಿಂದ ಹೆಸರಾದ ಈ ರಂಗಭೂಮಿಯ ತಂಡಗಳು ಬರುವ ದಸರಾ ರಜೆಯಲ್ಲಿ, ಹಗಲಿನ ಹೊತ್ತು, ಸದ್ದು ತಗ್ಗಿಸಿದ ಒಂದು ಪ್ರದರ್ಶನವನ್ನಾದರೂ ಏರ್ಪಡಿಸಲಿ. ಅಂದು ಬಾಗಿಲಲ್ಲಿ ನಿಂತು ಟಿಕೆಟ್ ಹರಿಯಲು, ಮಕ್ಕಳನ್ನು ಕೂಡಿಸಲು ನಮ್ಮಂಥ ಮನೆಗಳವರು ತಾವಾಗಿಯೇ ಬರುತ್ತೇವೆ.

ಇಂತಿ,
ಒಬ್ಬ ರಂಗಾಸಕ್ತ, ಬಳ್ಳಾರಿ